ನೆಲ ಬದಲಾದರೆ ನಡಿಗೆಯೂ ಬದಲಾಗಬೇಕು

ಅನಿಮೇಷನ್ ಸಿನಿಮಾ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಪಾತ್ರದ ಪಾದಕ್ಕೆ. ಮುಖದಲ್ಲಿ ನಗು, ಅಳು ತರಬಲ್ಲ ಕಲಾವಿದರು ಬೇಕಾದಷ್ಟಿದ್ದಾರೆ. ಆದರೆ ಹಿನ್ನೆಲೆಯನ್ನು ಪೂರ್ತಿ ಮರೆಮಾಡಿದರೂ ಪಾತ್ರ ನಿಂತಿರುವ ಜಾಗ ಎಂಥದ್ದೆಂದು ಗೊತ್ತಾಗಬೇಕು. ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುವವರನ್ನು ದೂರದಿಂದ ನೋಡಿ. ಬದು ಕಾಣದಿದ್ದರೂ ಅವರು ಬೆರಳೂರಿ ಹೆಜ್ಜೆಯಿಡುವ ರೀತಿಯಲ್ಲೇ ಜಾರಿಕೆ ಕಾಣುತ್ತದೆ.

ಡಿಸ್ನಿಯ ‘ಬ್ಯಾಂಬಿ’ (1942) ಚಿತ್ರಕ್ಕಾಗಿ ಸ್ಟುಡಿಯೊಗೆ ನಿಜವಾದ ಜಿಂಕೆಮರಿಗಳನ್ನೇ ತರಿಸಿ ಕಲಾವಿದರು ಅಭ್ಯಾಸ ಮಾಡಿದ್ದರು. ಅದರ ಫಲ ಹೆಪ್ಪುಗಟ್ಟಿದ ಕೊಳದ ದೃಶ್ಯದಲ್ಲಿದೆ. ಫ್ರಾಂಕ್ ಥಾಮಸ್ ಅವರ ಕೈಚಳಕವದು. ಮೊಲ ಥಂಪರ್ ಸಲೀಸಾಗಿ ಜಾರಿಕೊಂಡು ಹೋಗುತ್ತದೆ. ಅದೇ ಮಂಜುಗಡ್ಡೆಯ ಮೇಲೆ ಬ್ಯಾಂಬಿಯ ನಾಲ್ಕು ಕಾಲು ನಾಲ್ಕು ದಿಕ್ಕಿಗೆ. ಗೊರಸಿಗೆ ಹಿಡಿತ ಸಿಗದೆ ಮುಂಗಾಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಂಗಾಲು ಕೈಕೊಡುತ್ತದೆ. ಇಬ್ಬರ ಸ್ವಭಾವವನ್ನೂ ಬಿಡಿಸಿ ತೋರಿಸಿದ್ದು ಆ ಮಂಜುಗಡ್ಡೆಯೇ.

ನನ್ನ ಮಟ್ಟಿಗೆ ಈ ವಿದ್ಯೆಯ ಶಿಖರ ಹಯಾವೊ ಮಿಯಾಝಾಕಿಯವರ ‘ಮೈ ನೇಬರ್ ಟೊಟೊರೊ’ (1988). ಅಪ್ಪನಿಗೆ ಕೊಡೆ ಕೊಡಲು ಸತ್ಸುಕಿ, ಪುಟ್ಟ ತಂಗಿ ಮೇಯಿ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಾರೆ. ಮಳೆ, ಕತ್ತಲು, ಬಾರದ ಬಸ್ಸು. ಮೇಯಿ ತೂಕಡಿಸುತ್ತ ಅಕ್ಕನ ಬೆನ್ನೇರುತ್ತಾಳೆ. ಎರಡೂ ಕೈ ತಂಗಿಯನ್ನು ಹಿಡಿದಿರುವುದರಿಂದ ಸತ್ಸುಕಿ ಕೊಡೆಯ ಕಾವನ್ನು ಕತ್ತು–ಭುಜದ ನಡುವೆ ಸಿಕ್ಕಿಸಿಕೊಳ್ಳುತ್ತಾಳೆ. ಇನ್ನು ತಲೆ ಎತ್ತುವಂತಿಲ್ಲ, ಮೈ ತಿರುಗಿಸುವಂತಿಲ್ಲ. ಹಾಗಾಗಿ ಪಕ್ಕದಲ್ಲಿ ಯಾರೋ ಬಂದು ನಿಂತಾಗ ಕೊಡೆಯ ಅಂಚಿನ ಕೆಳಗೆ ಅವಳಿಗೆ ಮೊದಲು ಕಾಣುವುದು ಉಗುರುಳ್ಳ ದಪ್ಪ ಪಾದ ಮಾತ್ರ. ಕೊಡೆಯನ್ನು ಚೂರೇ ಚೂರು ಮೇಲೆತ್ತಿ ಕದ್ದು ನೋಡುತ್ತಾಳೆ. ಮಳೆ ಇಲ್ಲದಿದ್ದರೆ ಕೊಡೆಯಿಲ್ಲ, ಕೊಡೆಯಿಲ್ಲದಿದ್ದರೆ ಆ ಅಳುಕಿನ ಓರೆನೋಟವೂ ಇಲ್ಲ. ಆ ಪಾದ ಕಾಡಿನ ದೈತ್ಯಜೀವಿ ಟೊಟೊರೊನದು, ಅದರ ತಲೆಯ ಮೇಲೆ ಬರೀ ಒಂದು ಎಲೆ. ಅಪ್ಪನಿಗೆಂದು ತಂದ ಕೊಡೆಯನ್ನು ಸತ್ಸುಕಿ ಅದಕ್ಕೆ ಕೊಟ್ಟಮೇಲೆ ಮರದಿಂದ ಉದುರುವ ಹನಿಗಳ ಟಪಟಪ ಸದ್ದಿಗೆ ಅದರ ಕಣ್ಣರಳಿ ಮೈಯ ರೋಮವೆಲ್ಲ ನಿಮಿರುತ್ತದೆ. ಆಮೇಲೆ ಒಂದೇ ನೆಗೆತ. ನೆಲ ಅದುರಿ, ಮರದಲ್ಲಿದ್ದ ನೀರೆಲ್ಲ ದಬದಬ ಸುರಿಯುತ್ತದೆ. ಅಲ್ಲಿಯವರೆಗೆ ಮಳೆ ಪಾತ್ರಗಳನ್ನು ಆಡಿಸುತ್ತಿತ್ತು. ಈಗ ಪಾತ್ರವೇ ಮಳೆಯನ್ನು ಆಡಿಸುತ್ತದೆ. ಎಷ್ಟು ಸಲ ನೋಡಿದರೂ ನನಗೆ ತಣಿಯದ ಜಾಗವಿದು.

ಅಗ್ಗದಲ್ಲಿ ತಯಾರಾಗುವ ಅನಿಮೇಷನ್ ಧಾರಾವಾಹಿಗಳಲ್ಲಿ ಜಾಗಕ್ಕೆ ತಕ್ಕ ಇಂಥ ಚಲನೆ ಸಿಗುವುದಿಲ್ಲ. ಮತ್ತೆ ಮತ್ತೆ ಬಳಸಬಹುದಾದ ಒಂದು ನಡಿಗೆಯ ಸುತ್ತನ್ನು, ಅಂದರೆ ‘ವಾಕ್ ಸೈಕಲ್’ ಅನ್ನು, ಮಾಡಿಟ್ಟುಕೊಂಡು ಮರಳಿಗೂ ಅದೇ, ಜಮಖಾನೆಗೂ ಅದೇ, ಬೆಟ್ಟಕ್ಕೂ ಅದೇ. ಖರ್ಚು ಉಳಿಯುತ್ತದೆ, ಆದರೆ ಪಾತ್ರಕ್ಕೆ ತೂಕವೇ ಇರುವುದಿಲ್ಲ. ಹಣ ಇದ್ದ ಮಾತ್ರಕ್ಕೂ ಇದು ಬರುವಂಥದ್ದಲ್ಲ. ಮೈಯನ್ನೇ ಒಡ್ಡಿ ಕಲಿಯಬೇಕು. ‘ಫ್ರೋಝನ್’ (2013) ಮಾಡುವಾಗ ಡಿಸ್ನಿ ತಂಡ ವಯೋಮಿಂಗ್‌ಗೆ ಹೋಗಿ ಆಳವಾದ ಹಿಮದಲ್ಲಿ ನಡೆದು ನೋಡಿತು. ಗಂಡಸರೂ ಉದ್ದ ಲಂಗ ತೊಟ್ಟಿದ್ದರು. ಹಿಮದಲ್ಲಿ ಹೂತ ಕಾಲನ್ನು ಕಿತ್ತು ಮುಂದಿಡುವಾಗ ಸೊಂಟ ಎಷ್ಟು ವಾಲುತ್ತದೆ, ಲಂಗ ಎಲ್ಲಿ ತೊಡರುತ್ತದೆ ಎಂಬುದು ಕುರ್ಚಿಯಲ್ಲಿ ಕೂತರೆ ಹೊಳೆಯುವುದಿಲ್ಲ.

ಮಿಯಾಝಾಕಿಯವರ ‘ಸ್ಪಿರಿಟೆಡ್ ಅವೇ’ (2001) ಮನೆಯಲ್ಲಿ ಹಾಕಿದಾಗ, ಚಿಹಿರೊ ಬಾಯ್ಲರ್ ಕೋಣೆಗೆ ಇಳಿಯುವ ಹೊರಮೆಟ್ಟಿಲ ದೃಶ್ಯವನ್ನು ಸದ್ದು ತೆಗೆದು ನೋಡಿ. ಕಡಿದಾದ ಮರದ ಮೆಟ್ಟಿಲು, ಪಕ್ಕದಲ್ಲಿ ಪ್ರಪಾತ, ಹಿಡಿದುಕೊಳ್ಳಲು ಕಂಬಿಯಿಲ್ಲ. ಹುಡುಗಿ ನಿಂತು ಇಳಿಯಲು ಹೆದರಿ, ಕೂತುಕೊಂಡೇ ಒಂದೊಂದಾಗಿ ಇಳಿಯುತ್ತಾಳೆ. ಒಂದು ಮೆಟ್ಟಿಲು ಮುರಿಯುತ್ತದೆ. ಅಲ್ಲಿಂದ ಓಡುವುದು ಅವಳಲ್ಲ, ಇಳಿಜಾರೇ ಅವಳನ್ನು ಓಡಿಸುತ್ತದೆ. ಕೆಳಗಿನ ಗೋಡೆಗೆ ಅಪ್ಪಳಿಸಿದ ಮೇಲೆಯೇ ಕಾಲು ನಿಲ್ಲುವುದು.