‘ವೃತ್ತಿ’ ಎಂಬ ಕಾಲಂ

ಸೇವಾ ಸಂಸ್ಥೆಗಳ ವಾರ್ಷಿಕ ವರದಿಯನ್ನು ಸಾಹಿತ್ಯ ಅಂತ ಯಾರೂ ಓದುವುದಿಲ್ಲ. ನಾವು ಓದುತ್ತೇವೆ. ಯಾಕಂದರೆ ಕವಿ ನಮ್ಮ ಕೇರಿಗೆ ಬರುವ ಮುಂಚೆಯೇ ವರದಿ ಬರೆಯುವವನು ಬಂದು ಹೋಗಿರುತ್ತಾನೆ. ಮುಂದಿನ ಹಾಳೆಗಳ ತುಂಬ ನಮ್ಮ ಮಕ್ಕಳ ಫೋಟೋ. ಅವಕ್ಕೆ ಹೆಸರಿಲ್ಲ, ‘ಫಲಾನುಭವಿಗಳು’ ಅಂತ ಬರೆದಿರುತ್ತದೆ. ಕೊನೆಯ ಹಾಳೆಯಲ್ಲಿ ಆಡಳಿತ ಮಂಡಳಿ. ಅಲ್ಲಿ ಹೆಸರೂ ಇದೆ, ಹೆಸರಿನ ಮುಂದೆ ವೃತ್ತಿಯೂ ಇದೆ: ಆಡಿಟರ್, ವಕೀಲರು, ನಿವೃತ್ತ ಅಧಿಕಾರಿ, ಮಕ್ಕಳ ಡಾಕ್ಟರು, ಸಾಫ್ಟ್‌ವೇರ್ ಕಂಪನಿಯ ಉಪಾಧ್ಯಕ್ಷರು, ಉದ್ಯಮಿ. ಅದರ ಕೆಳಗೆ ಒಂದು ಸಾಲು. ಇವರೆಲ್ಲ ಬಿಡಿಗಾಸು ಪಡೆಯದೆ ಸ್ವಯಂಪ್ರೇರಣೆಯಿಂದ ದುಡಿಯುತ್ತಿದ್ದಾರೆ, ಅಂತ.

ನಾವು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಈ ಕೊನೆಯ ಹಾಳೆಯನ್ನು.

ವೃತ್ತಿ ಬರೆಯುವುದು ಒಣ ಜಂಭಕ್ಕೆ ಅಂದುಕೊಳ್ಳಬೇಡಿ, ಕಾನೂನೇ ಅದನ್ನು ಕೇಳುತ್ತದೆ. 1860ರಲ್ಲಿ ಬ್ರಿಟಿಷರು ಮಾಡಿದ ಸಂಘಗಳ ನೋಂದಣಿ ಕಾನೂನು, ಏಳು ಜನ ಸೇರಿ ಸಂಘ ಕಟ್ಟಬಹುದು, ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗ ಬರೆದುಕೊಡಬೇಕು ಎಂದಿತು. ನಮ್ಮ ರಾಜ್ಯದ 1960ರ ಕಾನೂನೂ ಅದೇ ಜಾಡು ಹಿಡಿಯಿತು. ಆ ಕಾಲಂನಲ್ಲಿ ಇಂಥದ್ದೇ ಉದ್ಯೋಗ ಇರಬೇಕೆಂದು ಯಾವ ಕಾನೂನೂ ಹೇಳಿಲ್ಲ. ಕೂಲಿ ಅಂತ ಬರೆಯಬಹುದು. ಪೌರಕಾರ್ಮಿಕ, ಚಮ್ಮಾರ, ಬೀಡಿ ಕಟ್ಟುವವಳು ಅಂತ ಬರೆಯಬಹುದು. ಆದರೂ ನಾವು ಓದಿದ ವರದಿಗಳ ಕೊನೆಯ ಹಾಳೆಯಲ್ಲಿ ಅಂಥ ಒಂದು ಪದ ಹುಡುಕಿದರೂ ಸಿಕ್ಕಿಲ್ಲ. ಸಂಸ್ಥೆ ದುಡಿಯುವುದು ಪೌರಕಾರ್ಮಿಕರಿಗಾಗಿಯೇ, ಪಟ್ಟಿಯಲ್ಲಿ ಮಾತ್ರ ಅವರಿಲ್ಲ.

ಪದವನ್ನೇ ಸ್ವಲ್ಪ ಕೆದಕಿ ನೋಡೋಣ. ಹಳೆಯ ಶಾಸನಗಳಲ್ಲಿ ‘ವೃತ್ತಿ’ ಅಂದರೆ ಅಗ್ರಹಾರದಲ್ಲಿ ಬ್ರಾಹ್ಮಣರಿಗೆ ಹಂಚಿಕೊಟ್ಟ ಭೂಮಿಯ ಪಾಲು. ನಮ್ಮ ಅಪ್ಪಂದಿರು ಮಾಡಿದ್ದಕ್ಕೆ ಆ ಹೆಸರು ಯಾವತ್ತೂ ಬರಲಿಲ್ಲ. ಅದು ಕಸುಬು, ಇಲ್ಲವೇ ಚಾಕರಿ. ಸಂಬಳವಿಲ್ಲದ ಚಾಕರಿ ಬಿಟ್ಟಿ ಚಾಕರಿ. ಸತ್ತ ದನ ಹೊರುವುದು, ಸಾವಿನ ಸುದ್ದಿ ಹೊತ್ತು ಊರೂರು ಅಲೆಯುವುದು, ಜಾತ್ರೆಗೆ ತಮಟೆ ಬಡಿಯುವುದು, ಗೌಡರ ಕಣ ಗುಡಿಸುವುದು. ಮುಂಬಯಿ ಪ್ರಾಂತದಲ್ಲಿ ಇದಕ್ಕೆ ಮಹಾರ್ ವತನ್ ಎಂಬ ಸರಕಾರಿ ಮುದ್ರೆಯೇ ಇತ್ತು. ಚೂರು ಇನಾಮು ಭೂಮಿಗೆ ಮನೆಮಂದಿಯೆಲ್ಲ ಹಗಲು ರಾತ್ರಿ ಕರೆದಾಗ ಓಡಬೇಕು. ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನಸಭೆಗೆ ಮಸೂದೆ ತಂದದ್ದು ಆ ಕಾನೂನನ್ನು ತಿದ್ದುವುದಕ್ಕೇ.

ಈಗ ಎರಡನ್ನೂ ಎದುರುಬದುರು ಇಟ್ಟು ನೋಡಿ. ಕಾಸು ಪಡೆಯದೆ ಉಳ್ಳವನು ತಿಂಗಳಿಗೆ ಎರಡು ಗಂಟೆ ಮೀಟಿಂಗಿನಲ್ಲಿ ಕೂತರೆ ಅದು ಸ್ವಯಂಸೇವೆ. ಅದಕ್ಕೆ ಕುರ್ಚಿ ಸಿಗುತ್ತದೆ, ಫೋಟೋ ಸಿಗುತ್ತದೆ, ಸಹಿ ಹಾಕುವ ಹಕ್ಕು ಸಿಗುತ್ತದೆ. ಕಾಸು ಪಡೆಯದೆ ನಮ್ಮವರು ತಲೆತಲಾಂತರ ದುಡಿದದ್ದು ಬಿಟ್ಟಿ. ಅದರಿಂದ ಸಿಕ್ಕಿದ್ದು ಬೈಗುಳ. ಈ ದೇಶದಲ್ಲಿ ಸಂಬಳವಿಲ್ಲದೆ ದುಡಿದ ಅನುಭವವೇ ಮಂಡಳಿಗೆ ಅರ್ಹತೆಯಾಗಿದ್ದರೆ ಹೊಲಗೇರಿಯ ಮುದುಕಿಯರೇ ಎಲ್ಲ ಸಂಸ್ಥೆಗಳ ಅಧ್ಯಕ್ಷರಾಗಿರಬೇಕಿತ್ತು!

ಹೋಗಲಿ, ಯಾರೋ ಒಳ್ಳೆ ಜನ ಬಿಡುವು ಮಾಡಿಕೊಂಡು ಬರುತ್ತಾರೆ, ಅದರಲ್ಲೇನು ತಪ್ಪು ಅಂತ ಗೆಳೆಯರು ಕೇಳುತ್ತಾರೆ. ನಾವು ಅವರ ಒಳ್ಳೆತನವನ್ನು ಅಳೆಯುವುದಕ್ಕೆ ಹೊರಟಿಲ್ಲ. ಮೇಜಿನ ಸುತ್ತ ಯಾವ ವೃತ್ತಿಯವರು ಕೂತಿದ್ದಾರೆ ಎಂಬುದು ಆ ಮೇಜಿನ ಮೇಲೆ ಯಾವ ಪ್ರಶ್ನೆ ಬರಕೂಡದು ಎಂಬುದನ್ನು ತೀರ್ಮಾನಿಸುತ್ತದೆ. ನಮ್ಮ ತಕರಾರು ಇಷ್ಟೇ. ಇದಕ್ಕೆ ಇತಿಹಾಸದಲ್ಲಿ ದೊಡ್ಡ ಪುರಾವೆ ಇದೆ.

1932ರ ಸೆಪ್ಟೆಂಬರಿನಲ್ಲಿ ಪೂನಾ ಒಪ್ಪಂದವಾಯಿತು. ಆ ತಿಂಗಳು ಮುಗಿಯುವುದರೊಳಗೆ ಮುಂಬಯಿಯಲ್ಲಿ ಸಭೆ ಸೇರಿ ಅಸ್ಪೃಶ್ಯತಾ ನಿವಾರಣೆಗೆ ಒಂದು ಅಖಿಲ ಭಾರತ ಸಂಘ ಹುಟ್ಟಿತು. ಅದೇ ಮುಂದೆ ಹರಿಜನ ಸೇವಕ ಸಂಘ. ಅದರ ಮೊದಲ ಕೇಂದ್ರ ಮಂಡಳಿಯನ್ನು ವೃತ್ತಿಯ ಕಾಲಂ ಹಿಡಿದು ಓದಿ. ಅಧ್ಯಕ್ಷರು ಘನಶ್ಯಾಮದಾಸ್ ಬಿರ್ಲಾ, ಗಿರಣಿ ಮಾಲೀಕರು. ಅಹಮದಾಬಾದಿನ ಅಂಬಾಲಾಲ್ ಸಾರಾಭಾಯಿ, ಗಿರಣಿ ಮಾಲೀಕರು. ದಿಲ್ಲಿಯ ಲಾಲಾ ಶ್ರೀರಾಮ್, ಗಿರಣಿ ಮಾಲೀಕರು. ಪುರುಷೋತ್ತಮದಾಸ್ ಠಾಕೂರ್‌ದಾಸ್, ಹತ್ತಿ ವ್ಯಾಪಾರಿ. ಕಲಕತ್ತೆಯ ಬಿ.ಸಿ. ರಾಯ್ ಮತ್ತು ತಿರುಚಿಯ ಟಿ.ಎಸ್.ಎಸ್. ರಾಜನ್, ಡಾಕ್ಟರುಗಳು. ಕಾರ್ಯದರ್ಶಿ ಎ.ವಿ. ಠಕ್ಕರ್, ಎಂಜಿನಿಯರ್. ಜೊತೆಗೆ ಅಂಬೇಡ್ಕರ್, ಎಂ.ಸಿ. ರಾಜಾ, ಶ್ರೀನಿವಾಸನ್ ಇದ್ದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ‘ವಿವಿಧ ಕ್ಷೇತ್ರಗಳ ತಜ್ಞರನ್ನೊಳಗೊಂಡ’ ಮಂಡಳಿ.

ಠಕ್ಕರರ ಬಗ್ಗೆ ಹಗುರವಾಗಿ ಮಾತಾಡುವುದು ನಮಗಿಷ್ಟವಿಲ್ಲ. ಮುಂಬಯಿ ಮುನಿಸಿಪಾಲಿಟಿಯಲ್ಲಿ ಎಂಜಿನಿಯರಾಗಿದ್ದಾಗ ಜಾಡಮಾಲಿಗಳ ಪಾಡು ಕಣ್ಣಾರೆ ಕಂಡು, 1914ರಲ್ಲಿ ನೌಕರಿ ಬಿಟ್ಟು, ಉಳಿದ ಆಯುಷ್ಯವನ್ನೆಲ್ಲ ಸೇವೆಗೆ ಕೊಟ್ಟ ಮನುಷ್ಯ ಅವರು. ಅಂಬೇಡ್ಕರರು ದುಂಡುಮೇಜಿನ ಪರಿಷತ್ತಿಗೆ ಹೋಗುತ್ತಾ ಹಡಗಿನಿಂದ ಆ ನವೆಂಬರಿನಲ್ಲಿ ಕಾಗದ ಬರೆದದ್ದು ಅವರಿಗೇ. ಆ ಕಾಗದದಲ್ಲಿ ಅಂಬೇಡ್ಕರ್ ಕೇಳಿದ್ದೇನು? ಬಾವಿ, ಶಾಲೆ, ಊರಿನ ಚಾವಡಿಯಲ್ಲಿ ಹಕ್ಕು ಸ್ಥಾಪಿಸುವುದಕ್ಕೆ ಸಂಘ ಚಳವಳಿ ಮಾಡಲಿ. ಸಂಘದ ಕೆಲಸಕ್ಕೆ ಅಸ್ಪೃಶ್ಯ ಕಾರ್ಯಕರ್ತರನ್ನೇ ತೆಗೆದುಕೊಳ್ಳಿ. ಅವರಿಗೆ ಅದು ಪ್ರೀತಿಯ ಕೆಲಸ, ಬಾಡಿಗೆಯದಲ್ಲ. ಇನ್ನೊಂದು, ನಮ್ಮವರಿಗೆ ಮುಚ್ಚಿರುವ ಉದ್ಯೋಗಗಳ ಬಾಗಿಲು ತೆಗೆಸಿ. ಗಿರಣಿಗಳಲ್ಲಿ ನೂಲುವ ಖಾತೆಯಲ್ಲಿ ಅಸ್ಪೃಶ್ಯರಿಗೆ ಕೆಲಸ ಉಂಟು, ಹೆಚ್ಚು ಕೂಲಿ ಬರುವ ನೇಯುವ ಖಾತೆಗೆ ಪ್ರವೇಶವಿಲ್ಲ. ಅಲ್ಲಿ ಲಾಳಿಗೆ ನೂಲು ಪೋಣಿಸುವಾಗ ಬಾಯಿಂದ ಎಳೆಯಬೇಕು. ನಮ್ಮವನ ಬಾಯಿ ಮುಟ್ಟಿದ ಲಾಳಿಯನ್ನು ಸವರ್ಣ ನೇಕಾರ ಮುಟ್ಟಲಾರ.

ಇಲ್ಲಿ ಸ್ವಲ್ಪ ನಿಲ್ಲೋಣ. ಮಂಡಳಿಯಲ್ಲಿ ಮೂವರು ಗಿರಣಿ ಮಾಲೀಕರು. ನೇಯುವ ಖಾತೆಯ ಬಾಗಿಲು ತೆಗೆಯುವುದಕ್ಕೆ ಅವರು ಚಂದಾ ಎತ್ತಬೇಕಿರಲಿಲ್ಲ. ಊರೂರು ತಿರುಗಿ ಭಾಷಣ ಮಾಡಬೇಕಿರಲಿಲ್ಲ. ತಮ್ಮ ತಮ್ಮ ಗಿರಣಿಯಿಂದಲೇ ಶುರು ಮಾಡಬಹುದಿತ್ತು. ಇಡೀ ದೇಶದಲ್ಲಿ ಆ ಬೇಡಿಕೆಯನ್ನು ಈಡೇರಿಸುವ ಶಕ್ತಿ ಯಾರಿಗಿತ್ತೋ ಅವರೇ ಆ ಮೇಜಿನ ಸುತ್ತ ಕೂತಿದ್ದರು. ಆದರೆ ಅಂಬೇಡ್ಕರ್ 1945ರ ತಮ್ಮ ಪುಸ್ತಕದಲ್ಲಿ ದಾಖಲಿಸಿರುವಂತೆ, ಆ ಕಾಗದ ಮುಟ್ಟಿತು ಎಂಬ ಒಂದು ಸಾಲಿನ ಉತ್ತರವೂ ಬರಲಿಲ್ಲ. ಸಂಘ ವಿದ್ಯಾರ್ಥಿವೇತನ ಕೊಟ್ಟಿತು, ಶಾಲೆ ನಡೆಸಿತು, ಬಾವಿ ತೋಡಿಸಿತು. ಒಳ್ಳೆಯದೇ. ಬೇರೆ ಬಾವಿ ತೋಡಿಸಿದರೆ ಊರ ಬಾವಿಯ ಪ್ರಶ್ನೆ ಏಳುವುದಿಲ್ಲ. ವಿದ್ಯಾರ್ಥಿವೇತನ ಕೊಟ್ಟರೆ ನೇಯುವ ಖಾತೆಯ ಪ್ರಶ್ನೆ ಏಳುವುದಿಲ್ಲ. ವೃತ್ತಿಯ ಕಾಲಂ ಓದದೆ ಈ ಮೌನ ಅರ್ಥವಾಗುವುದಿಲ್ಲ ಅನ್ನುತ್ತೇವೆ ನಾವು.

ಆ ಮೂವರು ದಲಿತ ಸದಸ್ಯರೂ ಬಹಳ ದಿನ ಮಂಡಳಿಯಲ್ಲಿ ಉಳಿಯಲಿಲ್ಲ. ನಮ್ಮವರು ಮಂಡಳಿಯಲ್ಲಿ ಯಾಕಿಲ್ಲ ಅಂತ ಕೇಳಲು ಹೋದವರಿಗೆ ಗಾಂಧೀಜಿ ಕೊಟ್ಟ ಉತ್ತರವನ್ನೂ ಅಂಬೇಡ್ಕರ್ ಅದೇ ಪುಸ್ತಕದಲ್ಲಿ ಬರೆದಿದ್ದಾರೆ. ಇದು ಸವರ್ಣರು ತಮ್ಮ ಪಾಪಕ್ಕೆ ಮಾಡುವ ಪ್ರಾಯಶ್ಚಿತ್ತ, ಹಣ ಅವರದು, ಆದ್ದರಿಂದ ನಡೆಸುವವರೂ ಅವರೇ ಎಂಬುದು ಅದರ ಸಾರ. ಪ್ರಾಯಶ್ಚಿತ್ತದ ಮಾತನ್ನು ನಾವು ಒಪ್ಪಿಕೊಂಡರೂ ಲೆಕ್ಕ ತಾಳೆಯಾಗುವುದಿಲ್ಲ. ಸಾಲಗಾರ ತನ್ನ ಸಾಲ ಎಷ್ಟು, ಯಾವಾಗ, ಯಾವ ರೂಪದಲ್ಲಿ ತೀರಿಸಬೇಕು ಅಂತ ತಾನೇ ಕೂತು ಬರೆದುಕೊಳ್ಳುತ್ತಾನೆ. ಸಾಲ ಕೊಟ್ಟವನು ಬಾಗಿಲಾಚೆ ನಿಂತಿರಬೇಕು.

ಹಾಗಾದರೆ ವಕೀಲ ಡಾಕ್ಟರು ಬೇಡವೇ? ಬೇಕು. 1924ರಲ್ಲಿ ಅಂಬೇಡ್ಕರರು ಮುಂಬಯಿಯಲ್ಲಿ ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಪಟ್ಟಿಯನ್ನೂ ಇದೇ ಕಾಲಂ ಹಿಡಿದು ಓದಿ. ಅಧ್ಯಕ್ಷರು ಸರ್ ಚಿಮನ್‌ಲಾಲ್ ಸೆಟಲ್‌ವಾಡ್, ದೊಡ್ಡ ವಕೀಲರು, ಆಗ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿ. ಉಪಾಧ್ಯಕ್ಷರಲ್ಲಿ ಗಣಿತದ ಪಂಡಿತ ಆರ್.ಪಿ. ಪರಾಂಜಪೆ, ಸಾಲಿಸಿಟರ್ ಬಿ.ಜಿ. ಖೇರ್. ಮೇಲ್ನೋಟಕ್ಕೆ ಹರಿಜನ ಸೇವಕ ಸಂಘಕ್ಕೂ ಇದಕ್ಕೂ ಏನು ವ್ಯತ್ಯಾಸ ಅನ್ನಿಸಬಹುದು. ವ್ಯತ್ಯಾಸ ಇರುವುದು ಕೆಳಗಿನ ಸಾಲಿನಲ್ಲಿ. ನಿಜವಾಗಿ ಕೆಲಸ ನಡೆಸುವ ಕಾರ್ಯಕಾರಿ ಸಮಿತಿಯ ಅಧ್ಯಕ್ಷರು ಅಂಬೇಡ್ಕರ್. ಕಾರ್ಯದರ್ಶಿ ಶಿವತರಕರ್, ಚಮ್ಮಾರ ಸಮುದಾಯದಿಂದ ಬಂದ ಶಾಲಾ ಮೇಷ್ಟ್ರು. ದೊಡ್ಡವರ ಹೆಸರು ಸರಕಾರದ ಬಾಗಿಲು ತಟ್ಟುವುದಕ್ಕೆ, ತೀರ್ಮಾನ ಕೇರಿಯವರದು. ಮರುವರ್ಷವೇ ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆಯಿತು. ಅದೇ ಚಳವಳಿಯ ಬಳ್ಳಿ ಹಬ್ಬಿ ನಮ್ಮ ಧಾರವಾಡದಲ್ಲೂ ಹಾಸ್ಟೆಲಾಯಿತು. ಇದನ್ನು ಓದುತ್ತಿರುವ ಮೇಷ್ಟ್ರುಗಳು ಶಿವತರಕರ್ ಎಂಬ ಹೆಸರನ್ನು ಮಕ್ಕಳಿಗೆ ಹೇಳಿಕೊಟ್ಟರೆ ನಮಗೆ ಸಂತೋಷ.

ಇನ್ನೊಂದು ಮಾದರಿ ನಮ್ಮ ಕಾಲದ್ದೇ, ನಮ್ಮ ನೆಲದ್ದೇ. ಕೋಲಾರದ ಚಿನ್ನದ ಗಣಿಯಲ್ಲಿ ಒಣ ಪಾಯಿಖಾನೆ ಬಳಿಯುತ್ತಿದ್ದ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. ಅವರ ಜೊತೆ ನಿಂತವರಲ್ಲಿ ಎಸ್.ಆರ್. ಶಂಕರನ್ ಎಂಬ ಐಎಎಸ್ ಅಧಿಕಾರಿ ಒಬ್ಬರು. ಅಧಿಕಾರಿಗೆ ಸರಕಾರದ ಭಾಷೆ ಗೊತ್ತು, ಮಲದ ಬುಟ್ಟಿ ಹೊತ್ತವರಿಗೆ ಬುಟ್ಟಿಯ ಭಾರ ಗೊತ್ತು. ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1993ರಿಂದೀಚೆಗೆ ಒಳಚರಂಡಿ, ಮಲಗುಂಡಿಗಳಲ್ಲಿ ಸತ್ತವರ ಮನೆಯವರಿಗೆ ತಲಾ 10 ಲಕ್ಷ ಕೊಡಬೇಕೆಂದು 2014ರಲ್ಲಿ ತೀರ್ಪಾಯಿತು. 2023ರಲ್ಲಿ ಕೋರ್ಟು ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಸಾವು ಇನ್ನೂ ನಿಂತಿಲ್ಲ. ಆದರೆ ಗುಂಡಿಯಲ್ಲಿ ಸತ್ತವರ ಲೆಕ್ಕ ಕೊಡಿ ಅಂತ ಕೇಳುವ ಪ್ರಶ್ನೆ ಆ ಮೇಜಿನ ಮೇಲೆ ಬಂತು, ಯಾಕಂದರೆ ಕೇಳುವವರು ಅಲ್ಲಿ ಕೂತಿದ್ದರು.

2013ರ ಕಂಪನಿ ಕಾನೂನು ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕಾಗಿದೆ. ಆ ದುಡ್ಡಿನ ಜೊತೆಗೇ ಕಂಪನಿಯ ಮ್ಯಾನೇಜರೂ ಮಂಡಳಿಗೆ ಬರುತ್ತಿದ್ದಾರೆ. ಅದೇ ಕಂಪನಿಯ ಗೇಟಿನಲ್ಲಿ ಗುತ್ತಿಗೆ ಮೇಲೆ ಕಸ ಗುಡಿಸುವವರ ಕೂಲಿಯ ಪ್ರಶ್ನೆ ಆ ಮಂಡಳಿಯಲ್ಲಿ ಯಾರು ಎತ್ತುತ್ತಾರೆ, ಹೇಳಿ.

ನಮ್ಮ ಸಂಘಟನೆಗಳೂ ಈ ಕಾಲಂ ಮುಂದೆ ನಿಲ್ಲಲಿ. ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ತಿಂಗಳ ಸಂಬಳ ಇದ್ದವರೇ ಮೊದಲು ತಲೆಯೆತ್ತಿ ನಿಲ್ಲಲು ಸಾಧ್ಯವಾಯಿತು, ಅದು ಸಹಜ. ಆದರೆ ಇವತ್ತೂ ಸಮಿತಿಗಳಲ್ಲಿ ಸಂಬಳದವರೇ ತುಂಬಿಕೊಂಡು, ಕೂಲಿ ಹೆಂಗಸರು ಶಿಬಿರದ ಅಡುಗೆಗೆ ಮಾತ್ರ ಬರುವುದಾದರೆ ನಾವು ಬರೆಯುತ್ತಿರುವುದೂ ಬಿಟ್ಟಿಯ ಇನ್ನೊಂದು ಅಧ್ಯಾಯವೇ.

ಸಂಸ್ಥೆಯವರು ಹೇಳುವುದು, ಕರೆದರೂ ಆ ಜನ ಬರೋದಿಲ್ಲ ಸಾರ್, ಅಂತ. ಹೇಗೆ ಬರುತ್ತಾರೆ? ಮೀಟಿಂಗು ಬೆಂಗಳೂರಿನಲ್ಲಿ, ವಾರದ ನಡುವೆ, ಬೆಳಿಗ್ಗೆ 11ಕ್ಕೆ, ಇಂಗ್ಲಿಷಿನಲ್ಲಿ. ಆಡಿಟರಿಗೆ ಅರ್ಧ ದಿನದ ಬಿಡುವು, ನಮ್ಮವ್ವನಿಗೆ ಒಂದು ದಿನದ ಊಟ. ಮಂಡಳಿಯ ಸಭೆಯನ್ನು ಕೇರಿಯಲ್ಲೇ, ಸಂಜೆ ಕೆಲಸ ಬಿಟ್ಟ ಮೇಲೆ, ಕನ್ನಡದಲ್ಲಿ ನಡೆಸಿ. ಹೋಗಿ ಬರುವ ಬಸ್ ಚಾರ್ಜು ಕೊಡಿ, ಕಳೆದ ದಿನದ ಕೂಲಿ ಕೊಡಿ. ಲೆಕ್ಕದ ಹಾಳೆಯನ್ನು ಕನ್ನಡಕ್ಕೆ ತಂದು ಗಟ್ಟಿಯಾಗಿ ಓದಿ ಹೇಳುವ ಕೆಲಸ ಆಡಿಟರದಾಗಲಿ. ಮುಂದಿನ ವರ್ಷದ ವರದಿಯ ಕೊನೆಯ ಹಾಳೆಯಲ್ಲಿ, ಅಧ್ಯಕ್ಷರು ಎಂಬುದರ ಪಕ್ಕದ ಕಾಲಂನಲ್ಲಿ ‘ಪೌರಕಾರ್ಮಿಕರು’ ಅಂತ ಅಚ್ಚಾಗಿದ್ದರೆ ನಮಗೊಂದು ಪ್ರತಿ ಕಳಿಸಿ. ಈ ಪತ್ರಿಕೆಯಲ್ಲೇ ವಿಮರ್ಶೆ ಬರೆಯುತ್ತೇವೆ.