ಅಣ್ಣನಿಗೆ ಬುಗುರಿ, ತಂಗಿಗೆ ಕಲ್‌ಕಲ್

ಕ್ರಿಸ್‌ಮಸ್ಸಿಗೆ ಅಪ್ಪ ಅಮ್ಮ ಮಕ್ಕಳಿಗೆ ಉಡುಗೊರೆ ಕೊಡುವುದು ಎಲ್ಲ ಕಡೆ ಇದ್ದದ್ದೇ. ಮಕ್ಕಳು ಮಕ್ಕಳಿಗೇ ಕೊಡುವ ಪದ್ಧತಿ ನನಗೆ ಅದಕ್ಕಿಂತ ಇಷ್ಟ. ಬೆಂಗಳೂರಿನ ನಮ್ಮ ವೈಟ್‌ಫೀಲ್ಡಿನಲ್ಲಿ ಈ ಹಬ್ಬ ತುಂಬ ಹಳೆಯದು. 1882ರಲ್ಲಿ, ಹತ್ತನೇ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಶುರುವಾದ ಊರಿದು; ಐಟಿ ಕಂಪನಿಗಳು ಬಂದದ್ದು ನೂರು ವರ್ಷ ಕಳೆದ ಮೇಲೆ.

ನಮ್ಮ ಪಕ್ಕದ ಮನೆಯ ಅಣ್ಣ ತಂಗಿಗೆ ಒಂದೇ ಕಟ್ಟಳೆ: ಒಬ್ಬರಿಗೊಬ್ಬರು ಕೊಡುವ ಉಡುಗೊರೆಯನ್ನು ಮೊಬೈಲಿನಲ್ಲಿ ತರಿಸುವಂತಿಲ್ಲ. ಹೋದ ವರ್ಷ ತಂಗಿ ಆರಿಸಿದ್ದು ಚನ್ನಪಟ್ಟಣದ ಬುಗುರಿ. ಎಂಥ ಒಳ್ಳೆಯ ಆಯ್ಕೆ! ಬೆಳ್ಳಗಿನ, ಮೆದುವಾದ ಹಾಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ, ಉಳಿ ಹಿಡಿದು ರೂಪ ಕೊಡುತ್ತಾರೆ. ಅದು ಗಿರ್ರನೆ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಆ ಹೊಳಪು. ಕುಂಚದ ಮಾತೇ ಇಲ್ಲ.

ಬುಗುರಿಗೆ ತಂಗಿ ಸುತ್ತಿದ್ದು ಕ್ಯಾಲೆಂಡರಿನ ನವೆಂಬರ್ ಹಾಳೆ. ಮೇಲೆ ಪೆನ್ಸಿಲಿನಲ್ಲಿ, ‘ಅಣ್ಣಂಗೆ. ಚರ್ಚಿಂದ ಬರೋ ತನಕ ಬಿಚ್ಚಬಾರ್ದು.’

ಅಣ್ಣ ಕೊಟ್ಟಿದ್ದು ಒಂದು ಡಬ್ಬಿ ಕಲ್‌ಕಲ್. ಹಿಟ್ಟಿನ ಪುಟ್ಟ ಉಂಡೆಗಳನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಮಾಡಿದವನು ಅವನೇ. ಕರಿದದ್ದು ಮಾತ್ರ ಅಮ್ಮ. ಕೆಲವು ಸುರುಳಿ ಬಿಚ್ಚಿಕೊಂಡಿದ್ದವು. ಅವನ್ನೇ ತಂಗಿ ಮೊದಲು ತಿಂದಳು.

ಈ ಡಿಸೆಂಬರಿನಲ್ಲಿ ನಿಮ್ಮ ಮಕ್ಕಳ ಕೈಗೂ ಒಂದಿಷ್ಟು ಕಾಸು ಕೊಡಿ, ಚನ್ನಪಟ್ಟಣದ ಅಂಗಡಿಗೆ ಕರೆದುಕೊಂಡು ಹೋಗಿ. ಆರಿಸುವುದನ್ನು ಅವರಿಗೇ ಬಿಡಿ.