ಸುಟ್ಟ ಮಣ್ಣಿನ ಫಲವತ್ತತೆ: ಒಂದು ಪ್ರಬಂಧದ ಪುನರ್ವಿಮರ್ಶೆ

ತರಗೆಲೆ, ಕಸಕಡ್ಡಿಗಳ ಮೇಲೆ ಮಣ್ಣನ್ನು ಹೊದಿಸಿ ನಿಧಾನವಾಗಿ ಬೇಯಿಸಿದ ‘ಸುಡುಮಣ್ಣು’ ದಕ್ಷಿಣ ಕನ್ನಡದ ಕೃಷಿಕರಿಗೆ ಚಿರಪರಿಚಿತವಾದುದು. ಅದನ್ನುಂಡ ಗಿಡಗಳು ಹುಲುಸಾಗಿ ಬೆಳೆಯುತ್ತವೆ. ಬೂದಿಯಲ್ಲಿರುವ ಪೊಟ್ಯಾಷ್ ಇದಕ್ಕೊಂದು ಕಾರಣವೆಂಬುದು ನಿಜ. ಆದರೆ ಬೂದಿಯ ಸೋಂಕಿಲ್ಲದೆ ಕೇವಲ ಕಾಯಿಸಿದ ಮಣ್ಣೂ ಹೆಚ್ಚು ಫಲ ಕೊಡುವುದೇಕೆ? ಈ ಪ್ರಶ್ನೆಯನ್ನೆತ್ತಿಕೊಂಡು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಪ್ರಯೋಗಕ್ಷೇತ್ರದ ರಸೆಲ್ ಮತ್ತು ಹಚಿನ್ಸನ್ 1909ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಮಣ್ಣನ್ನು ನೀರು ಕುದಿಯುವ ಉಷ್ಣಮಾನದ ಸಮೀಪಕ್ಕೆ ಕಾಯಿಸಿದಾಗ, ಬ್ಯಾಕ್ಟೀರಿಯಗಳ ಸಂಖ್ಯೆ ಮೊದಲು ಕುಸಿದು, ಬಳಿಕ ಕಾಯಿಸದ ಮಣ್ಣಿನಲ್ಲಿರುವುದನ್ನು ಬಹುವಾಗಿ ಮೀರುವುದನ್ನೂ, ಅಮೋನಿಯ ಸಂಗ್ರಹವಾಗುವುದನ್ನೂ ಅವರು ಕಂಡರು. ಬ್ಯಾಕ್ಟೀರಿಯಗಳನ್ನು ತಿಂದು ಬದುಕುವ ಪ್ರೋಟೊಜೋವಗಳು ಶಾಖಕ್ಕೆ ಅಳಿಯುವುದರಿಂದ ಬ್ಯಾಕ್ಟೀರಿಯಗಳು ವೃದ್ಧಿಗೊಂಡು ಸಸ್ಯಗಳಿಗೆ ಸಾರಜನಕವನ್ನು ಒದಗಿಸುತ್ತವೆ ಎಂಬುದು ಅವರು ಮುಂದಿಟ್ಟ ಸಿದ್ಧಾಂತ.

ಪ್ರಯೋಗದ ಫಲಿತಾಂಶ ನಿರ್ವಿವಾದವಾದುದು, ವ್ಯಾಖ್ಯಾನವು ಹಾಗಲ್ಲ. ಲೇಖಕರು ಬದುಕುಳಿದ ಜೀವಿಗಳಿಗಿತ್ತ ಮಹತ್ತ್ವವನ್ನು ಸತ್ತವುಗಳಿಗೆ ಕೊಡಲಿಲ್ಲ. ಅದೇ ರೋಥಮ್‌ಸ್ಟೆಡ್‌ನಲ್ಲಿ ಜೆಂಕಿನ್ಸನ್ ಮತ್ತು ಪೌಲ್ಸನ್ 1976ರಲ್ಲಿ, ಮಣ್ಣನ್ನು ಕ್ಲೋರೋಫಾರ್ಮಿನ ಆವಿಗೊಡ್ಡಿದ ಬಳಿಕ ಹೆಚ್ಚುವ ಉಸಿರಾಟಕ್ಕೆ, ಸತ್ತ ಸೂಕ್ಷ್ಮಜೀವಿಗಳ ಕೊಳೆಯುವ ದೇಹಗಳೇ ಮುಖ್ಯ ಆಹಾರವೆಂದು ತೋರಿಸಿದರು. ಮಣ್ಣಿನ ಜೀವರಾಶಿಯನ್ನು ಅಳೆಯಲು ಇದನ್ನೇ ಮಾನವಾಗಿಯೂ ಮಾಡಿಕೊಂಡರು. ಪ್ರೋಟೊಜೋವಗಳಾದರೋ ಶತ್ರುಗಳೇ ಅಲ್ಲ: ಅವು ಬ್ಯಾಕ್ಟೀರಿಯಗಳನ್ನು ತಿಂದು, ಮಿಕ್ಕ ಸಾರಜನಕವನ್ನು ಬೇರುಗಳಿಗೆ ಬಿಟ್ಟುಕೊಡುತ್ತವೆಂದು ಕ್ಲಾರ್‌ಹೋಮ್ ಅವರ 1985ರ ಪ್ರಬಂಧವು ಸಮರ್ಥಿಸಿತು.

ಹೀಗಿರುವಲ್ಲಿ, ಬೆಂಕಿಯ ಅನಂತರದ ಹುಲುಸು ಬಹುಮಟ್ಟಿಗೆ ಗಳಿಕೆಯಲ್ಲ, ಕೂಡಿಟ್ಟ ಬಂಡವಾಳದ ವೆಚ್ಚ. ಬಯಲಿನ ಬೆಂಕಿಯು ಪ್ರಯೋಗಶಾಲೆಯ ಶಾಖಕ್ಕಿಂತ ಮುಂದೆ ಹೋಗಿ, ಸಾವಯವ ವಸ್ತುವನ್ನೇ ಉರಿಸಿ, ಅದರಲ್ಲಿನ ಸಾರಜನಕದ ಬಹುಭಾಗವನ್ನು ಹೊಗೆಯೊಡನೆ ಕಳೆಯುತ್ತದೆ. ಶಿಲೀಂಧ್ರಗಳು ಸಾಮಾನ್ಯವಾಗಿ ಬ್ಯಾಕ್ಟೀರಿಯಗಳಿಗಿಂತ ಕಡಿಮೆ ಶಾಖದಲ್ಲಿಯೇ ನಾಶವಾಗುತ್ತವೆ. ಮಣ್ಣು ಶಾಖವನ್ನು ಚೆನ್ನಾಗಿ ಹರಿಯಗೊಡದುದರಿಂದ, ಬೇಗನೆ ಹಾದುಹೋಗುವ ಹುಲ್ಲಿನ ಬೆಂಕಿ ಮೇಲ್ಪದರವನ್ನಷ್ಟೇ ತಟ್ಟುತ್ತದೆ. ಕೆಳಗಿನ ಜೀವಿಗಳು ಮರಳಿ ಮೇಲೇರಬಲ್ಲವು. ಬಹುಕಾಲ ಕನಿಯುವ ರಾಶಿಯ ಅಡಿಯಲ್ಲಿ ಆ ಅವಕಾಶವಿಲ್ಲ.

ಕೃಷಿಕನ ಅನುಭವ ಸುಳ್ಳೆಂದು ನಾವು ಹೇಳುವುದಿಲ್ಲ. ಬೇರೆಡೆ ಸುಟ್ಟ ಹಿಡಿ ಮಣ್ಣನ್ನು ಜೀವಂತವಾದ ಹೊಲಕ್ಕೆ ಬೆರೆಸುವುದು ಬೇರೆ. ಹೊಲದ ಮೈಯನ್ನೇ ವರ್ಷವರ್ಷವೂ ಸುಡುವುದು ಬೇರೆ. ಒಂದು ಬೆಳೆಯ ತೂಕದಿಂದ ಇವೆರಡರ ಭೇದ ತಿಳಿಯದು. ಮಣ್ಣಿನಲ್ಲಿ ಉಳಿದ ಜೀವವನ್ನೂ ತೂಗಿದಲ್ಲದೆ ಬೆಂಕಿಯ ಲಾಭನಷ್ಟಗಳ ಲೆಕ್ಕ ಮುಗಿಯದೆಂಬುದೇ ನಮ್ಮ ಅಭಿಪ್ರಾಯ.